ಕಫದ ಡಬ್ಬಿ

ಆಸ್ಪತ್ರೆಯ ಬೆಂಚಿನ ಮೇಲೆ ಸರದಿಗೆ ಕಾದಿದ್ದ ಮುದುಕಿಯ ಪಕ್ಕದಲ್ಲೇ ಅಕ್ಕತಂಗಿಯರಿಬ್ಬರು ಪಿಸುಗುಡುತ್ತಿದ್ದರು. ತಂಗಿಯ ಮಡಿಲಲ್ಲಿ ಕೂಸು ಹಾಲು ಕುಡಿಯುತ್ತಿತ್ತು.

“ಇವತ್ತು ರಿಪೋರ್ಟಿನಲ್ಲಿ ನಿನ್ನ ಮಾವನಿಗೆ ಕ್ಷಯ ಅಂತ ಬಂದ್ರೆ ಮಾತ್ರೆ ನುಂಗ್ತಾರೆ, ವಾಸಿಯಾಗುತ್ತೆ. ನೀನ್ಯಾಕೆ ಹೀಗೆ ನಡುಗ್ತೀಯೇ?”

“ಅಕ್ಕಾ, ಪರೀಕ್ಷೆಗೆ ಅಂತ ಡಬ್ಬಿ ಕೊಟ್ಟಿದ್ರಲ್ಲ, ಅವತ್ತು ಮಾವ ಎಷ್ಟು ಕೆಮ್ಮಿದ್ರೂ ಕಫ ಬರಲಿಲ್ಲ, ಬರೀ ಎಂಜಲು. ಖಾಲಿ ಡಬ್ಬಿ ತಂದ್ರೆ ನರ್ಸಮ್ಮ ಬೈತಾರೆ ಅಂತ...”

“ಅಂತ?”

“ನಾನೇ ಕೆಮ್ಮಿ ತುಂಬಿಸಿಕೊಟ್ಟೆ.”

“ಅಯ್ಯೋ, ನಿನ್ನ ಬುದ್ಧಿಗಿಷ್ಟು! ನಿನಗ್ಯಾವಾಗಿನಿಂದ ಕೆಮ್ಮು?”

“ಬಾಣಂತನದಿಂದಲೂ ಇದೆ. ಥಂಡಿ ಅಂದ್ಕೊಂಡಿದ್ದೆ.”

ಅಕ್ಕ ಕೂಸಿನ ಕಡೆ ನೋಡಿದಳು. ಮುದುಕಿಗೆ ಅತ್ತ ತಿರುಗಲೂ ಧೈರ್ಯ ಬರಲಿಲ್ಲ.

“ಮಗೂಗೂ ಬಂದಿರುತ್ತಾ ಅಕ್ಕಾ?”

“ಬಾಯಿ ಮುಚ್ಚು. ಇದ್ದದ್ದನ್ನ ಇದ್ದ ಹಾಗೆ ಒಳಗೆ ಹೇಳು.”

ಅಷ್ಟರಲ್ಲಿ ನರ್ಸಮ್ಮ ಮಾವನ ಹೆಸರು ಹಿಡಿದು ಕೂಗಿದರು. ತಂಗಿ ಕೂಸನ್ನು ಅಕ್ಕನ ಕೈಗಿಟ್ಟು ಎದ್ದಳು.

“ಅವರದಲ್ಲಮ್ಮಾ, ನನ್ನದು,” ಎನ್ನುತ್ತಾ ಬಾಗಿಲು ದಾಟಿದಳು.