ಡಾಕ್ಟರಿಗೆ ದಾರಿ

ಒಂದಾನೊಂದು ವಿಶ್ವವಿದ್ಯಾಲಯದ ಕಾರಿಡಾರಿನಲ್ಲಿ ಒಬ್ಬ ನರ್ಸು ತನ್ನ ಅತ್ತೆಯ ಜೊತೆ ಕೂತಿದ್ದಳು. ಅವಳನ್ನು ಹೊರಗೆ ಕಳಿಸಿದ ಪರೀಕ್ಷಕರು ಒಳಗೆ ಅವಳ ಪಿಎಚ್.ಡಿ. ತೀರ್ಮಾನಿಸುತ್ತಿದ್ದರು. ಮುಂದಿನ ಸರದಿಯ ಹುಡುಗಿ ಎದುರು ಬೆಂಚಿನಿಂದ ಕಿವಿಗೊಟ್ಟಳು.

“ಇಷ್ಟೊತ್ತು ಒಳಗೇನು ಕಡಿದು ಗುಡ್ಡೆ ಹಾಕ್ತಿದಾರೆ?”

“ಮೆಲ್ಲಗೆ ಅತ್ತೆ, ಕೇಳಿಸುತ್ತೆ.”

“ಕೇಳಿಸ್ಲಿ! ಬಿದ್ದ ಮುದುಕರನ್ನ ಎಬ್ಬಿಸೋ ಸಂಶೋಧನೆ ಅಂತ ದಿನಾ ನನ್ನನ್ನೇ ನೆಲಕ್ಕೆ ಮಲಗಿಸಿದೀಯ. ಫೇಲ್ ಮಾಡಿದ್ರೆ ಒಳಗೆ ಹೋಗಿ ಬಿದ್ದೇ ತೋರಿಸ್ತೀನಿ.”

“ಡಾಕ್ಟರಾಗೇ ಮನೆಗೆ ಬರ್ತೀನಿ ಅಂತ ನಾನು ನಿಮಗೆ ಮಾತು ಕೊಟ್ಟಿಲ್ವಾ?”

ಬಾಗಿಲು ತೆರೆಯಿತು. ಹಿರಿಯ ಪರೀಕ್ಷಕರು ನಗುತ್ತಾ, “ಡಾಕ್ಟರ್, ಒಳಗೆ ಬನ್ನಿ,” ಎಂದರು.

ವಾರ್ಡಿನ ಅಭ್ಯಾಸಬಲ, ನರ್ಸು ತಟ್ಟನೆ ಎದ್ದು ಗೋಡೆಗೆ ಒತ್ತಿ ನಿಂತು ದಾರಿ ಬಿಟ್ಟಳು. ಕಾರಿಡಾರಿನಲ್ಲಿ ಬೇರೆ ಯಾವ ಡಾಕ್ಟರೂ ಇರಲಿಲ್ಲ.

“ಅಯ್ಯೋ, ನಿನ್ನನ್ನೇ ಕಣೇ ಕರೀತಿರೋದು!” ಅತ್ತೆ ಅವಳ ತೋಳಿಗೊಂದು ಗುದ್ದು ಕೊಟ್ಟರು.

ಕೊಟ್ಟ ಮಾತು ನಡೆಸಿದ ಸೊಸೆ ಅತ್ತೆಯ ಕೈ ಹಿಡಿದುಕೊಂಡೇ ಒಳಗೆ ಹೋದಳು.