ಹದಿನಾಲ್ಕನೇ ಸೀಟು ಖಾಲಿ

ಬೆಳಿಗ್ಗೆ ಬಸ್ಸಲ್ಲಿ ಬಾವಲಿ ಥರ ನೇತಾಡ್ತಾ ಇದ್ದೆ. ಪಕ್ಕದಲ್ಲಿ ಇಬ್ಬರು ಕಾಲೇಜು ಹುಡುಗೀರು, ಒಬ್ಬಳು ಬಾಬ್‌ಕಟ್, ಇನ್ನೊಬ್ಬಳು ಜಡೆ. ಅವರ ಮುಂದೆ ಸೀಟಲ್ಲಿ ಕತ್ತಿಗೆ ಅಳತೆ ಟೇಪು ಹಾಕ್ಕೊಂಡ ಟೈಲರ್ ಅಂಕಲ್.

"ಹತ್ತು ಗಂಟೆಗೆ ಮೇಡಂಗೆ ಆ್ಯಪ್ ತೋರಿಸ್ಬೇಕು ಕಣೆ. ನಮ್ಮಿಬ್ಬರನ್ನ ಬಿಟ್ಟು ಒಬ್ರಾದ್ರೂ ಬಳಸಿರ್ಬೇಕು, ಇಲ್ದಿದ್ರೆ ಫೇಲು," ಅಂದಳು ಬಾಬ್‌ಕಟ್.

"ಕೂತಿರೋರೇ ಬೇಕಲ್ಲ," ಅಂದಳು ಜಡೆ. "ಅಂಕಲ್, ಎಲ್ಲಿಳೀತೀರಾ?"

"ಮುಂದಿನ ಸ್ಟಾಪು."

"ಅದನ್ನ ಈ ಆ್ಯಪಲ್ಲಿ ಹಾಕಿ. ಯಾವ ಸೀಟು ಯಾವಾಗ ಖಾಲಿ ಆಗುತ್ತೆ ಅಂತ ನಿಂತಿರೋರಿಗೆ ಗೊತ್ತಾಗುತ್ತೆ."

"ಈಗ ಬಾಯಲ್ಲೇ ಹೇಳಿದ್ನಲ್ಲಮ್ಮ."

"ಪ್ಲೀಸ್ ಅಂಕಲ್, ಮಾರ್ಕ್ಸ್ ಪ್ರಶ್ನೆ."

ಅಂಕಲ್ ಜಡೆಯ ಫೋನ್ ಇಸ್ಕೊಂಡು ಒಂದೇ ಬೆರಳಲ್ಲಿ ಕುಟ್ಟೋಕೆ ಶುರು ಮಾಡಿದ್ರು.

"ಹುಟ್ಟಿದ ತಾರೀಕು ಯಾಕೆ?"

"ಸುಮ್ನೆ, ಚೆನ್ನಾಗಿ ಕಾಣ್ಲಿ ಅಂತ."

"ಪಾಸ್‌ವರ್ಡ್ ಇನ್ನೂ ಗಟ್ಟಿ ಬೇಕಂತೆ."

"ನಿಮ್ಮ ಹೊಲಿಗೆ ಥರ ಹಾಕಿ ಅಂಕಲ್."

ಬಸ್ಸು ನಿಲ್ತು, ಮತ್ತೆ ಹೊರಡ್ತು. ಅಂಕಲ್ ಕೊನೇ ಬಟನ್ ಒತ್ತಿದ್ರು. ಫೋನು ಜೋರಾಗಿ ಹೇಳ್ತು, "ಹದಿನಾಲ್ಕನೇ ಸೀಟು ಖಾಲಿ ಆಗಿದೆ."

"ನನ್ನ ಸ್ಟಾಪು ಹೋಯ್ತಾ?"

"ಹೋಯ್ತು ಅಂಕಲ್. ಆದ್ರೆ ಆ್ಯಪು ಕೆಲಸ ಮಾಡ್ತು."

"ನಾನಿನ್ನೂ ಕೂತಿದ್ದೀನಲ್ಲಮ್ಮ."

ಇಬ್ಬರ ಮುಖಾನೂ ಸಪ್ಪಗಾಯ್ತು. "ಮುಂದಿನದು ನಮ್ಮ ಕಾಲೇಜು," ಅಂದಳು ಬಾಬ್‌ಕಟ್, ಸಣ್ಣ ದನಿಯಲ್ಲಿ.

ಅಂಕಲ್ ಎದ್ರು. "ನಡೀರಿ, ಹೆಂಗಿದ್ರೂ ಇಳೀಲೇಬೇಕು. ನಿಮ್ಮ ಮೇಡಂಗೆ ನಾನೇ ಹೇಳ್ತೀನಿ."

"ಏನಂತ?"

"ಆ್ಯಪು ಎಷ್ಟು ಚೆನ್ನಾಗಿದೆ ಅಂದ್ರೆ, ಇಳಿಯೋದೇ ಮರೆತೋಯ್ತು ಅಂತ."

ಮೂವರೂ ಇಳಿದ್ರು. ಆ್ಯಪಿಲ್ಲದ ನಾನು ಹದಿನಾಲ್ಕನೇ ಸೀಟಲ್ಲಿ ಕೂತೆ.