ನಿವೃತ್ತಿಯಾಗದ ಹಿತ್ತಾಳೆ ಲೋಟ

ಅಧ್ಯಕ್ಷಸ್ಥಾನದಲ್ಲಿರುವ ಗಿರಣಿಯ ಯಜಮಾನರಾದ ಅಪ್ಪಾಜಿಯವರೇ, ಹಾರ ತಂದಿರುವ ಅತಿಥಿಗಳೇ, ಹಾರದ ನಂತರದ ಉಪ್ಪಿಟ್ಟಿಗಾಗಿ ಕಾದಿರುವ ಸಭಿಕರೇ,

ಮಂಡ್ಯ ಜಿಲ್ಲೆ ಹುಟ್ಟಿ ಎಂಟು ವರ್ಷ. ದೇಶಕ್ಕೆ ಸ್ವಾತಂತ್ರ್ಯ ಬಂದು ಮೂರು ತಿಂಗಳು. ಇವೆರಡನ್ನೂ ಮೀರಿಸುವ ಘೋಷಣೆಯೊಂದನ್ನು ಮದ್ದೂರಿನ ಈ ಅಕ್ಕಿ ಗಿರಣಿಯಿಂದ ಮಾಡುತ್ತಿದ್ದೇನೆ. ಬಾಯ್ಲರ್ ಮೇಸ್ತ್ರಿ ಕೆಂಪಸಿದ್ದಯ್ಯನಾದ ನಾನು ಇಂದು ನಿವೃತ್ತನಾಗುತ್ತೇನೆ. ನನ್ನ ಹಿತ್ತಾಳೆ ಲೋಟ ನಿವೃತ್ತಿಯಾಗುವುದಿಲ್ಲ.

ನಗಬೇಡಿ. ಆ ಲೋಟಕ್ಕೆ ಚರಿತ್ರೆಯಿದೆ. ಇಪ್ಪತ್ತು ವರ್ಷದ ಹಿಂದೆ, ಊರ ಹೊರಗಿನ ನಮ್ಮ ಕೇರಿಯಿಂದ ಈ ಗಿರಣಿಗೆ ಬಂದ ಮೊದಲನೆಯವನು ನಾನು. ಹೊಟ್ಟಿನ ಬೆಂಕಿಯ ಮುಂದೆ ಬೆಂದು ನೀರು ಕೇಳಿದರೆ, ಗಿರಣಿಯ ನೀರಿನ ಹಂಡೆ ನೋಡಿಕೊಳ್ಳುವ ನಿಂಗಯ್ಯನವರು ಮೈಲಿಗೆಯಾಗದಂತೆ ಒಂದು ಮೊಳ ಮೇಲಿನಿಂದ ನನ್ನ ಬೊಗಸೆಗೆ ಹುಯ್ಯುತ್ತಿದ್ದರು. ಅರ್ಧ ಗಂಟಲಿಗೆ, ಅರ್ಧ ಎದೆಗೆ. ಮೇಸ್ತ್ರಿಯಾದ ದಿನ ಸಂತೆಯಲ್ಲಿ ಲೋಟ ಕೊಂಡೆ. ನೀರು ಆಗಲೂ ಮೇಲಿನಿಂದಲೇ ಬಿತ್ತು. ಆದರೆ ಲೋಟದೊಳಕ್ಕೆ ಬಿತ್ತು. ಇದೇನು ಸಾಮಾನ್ಯ ಬಡ್ತಿಯೇ? ದಿನವೂ ಹುಣಿಸೆಹಣ್ಣು ಹಚ್ಚಿ ತಿಕ್ಕಿ, ಬಾಯ್ಲರಿನ ಎದುರು ಗೋಡೆಯ ಮೊಳೆಗೆ ನೇತುಹಾಕುತ್ತಿದ್ದೆ.

ಆಮೇಲೆ ಹೊಟ್ಟು ತುಂಬುವ ಕೆಲಸಕ್ಕೆ ಚಿಕ್ಕಮಾದು ಬಂದ. ನಮ್ಮದೇ ಕೇರಿಯವನು, ವರಸೆಯಲ್ಲಿ ಅಳಿಯ. ಮೊದಲ ದಿನವೇ, "ವಸಿ ಲೋಟ ಕೊಡಿ ಮಾವ, ಬಾಯಾರ್ತದೆ" ಅಂದ.

"ಬೊಗ್ಸೆ ಒಡ್ಡ್ಲಾ. ಲೋಟ ಮೇಸ್ತ್ರೀದು," ಎಂದು ನೀರು ಹುಯ್ದೆ.

ಅವನು ಮುಖ ಒರೆಸಿಕೊಂಡು, "ನಿಂಗಯ್ಯೋರು ಒಂದು ಮೊಳ ಮೇಲಿಂದ ಉಯ್ತಾರೆ. ನೀವು ಅಟ್ಟ ಅತ್ತಿ ಉಯ್ದಂಗದೆ" ಅಂದ.

ನಿಂಗಯ್ಯನವರೇ, ಮೊದಲ ಸಾಲಿನಲ್ಲಿ ಕೂತು ಮೀಸೆ ತಿರುವಬೇಡಿ. ಆ ವಿದ್ಯೆ ನಾನು ಕಲಿತದ್ದು ನಿಮ್ಮಿಂದಲೇ.

ಯಾಕೆ ಹಾಗೆ ಮಾಡಿದೆ? ಗಿರಣಿಯಲ್ಲಿ ನಮ್ಮ ಕೇರಿಗೆ ಸಿಕ್ಕಿದ್ದ ಮರ್ಯಾದೆ ಒಂದು ಲೋಟದಷ್ಟು. ಇಬ್ಬರು ಕುಡಿದರೆ ನನ್ನ ಪಾಲು ಅರ್ಧವಾದೀತೆಂಬ ಭಯ. ಲೋಟವೊಂದೇ ಅಲ್ಲ. ಆವಿಯ ಒತ್ತಡ ತೋರಿಸುವ ಮುಳ್ಳು ಅವನಿಗೆ ಕಾಣದಂತೆ ಎಂಟು ವರ್ಷ ಅಡ್ಡ ನಿಂತೆ. ಈ ಬೆನ್ನು ಇಷ್ಟು ಅಗಲವಾದದ್ದು ಹಾಗೆಯೇ. ಕಳೆದ ತಿಂಗಳು ಯಜಮಾನರು, "ನಿನ್ನ ಜಾಗಕ್ಕೆ ಮಾದು ಆಗ್ತಾನೇನಯ್ಯ?" ಅಂದಾಗ, "ಅವನ್ಗೆ ಮುಳ್ಳು ನೋಡಾಕೆ ಬರಾಕಿಲ್ಲ ಬುದ್ಧಿ" ಅಂದುಬಿಟ್ಟೆ. ಮೈಸೂರಿನಿಂದ ಯಾರನ್ನೋ ಕರೆಸುವುದೆಂದಾಯಿತು. ಅವರು ಸೋಮವಾರ ಬರುವವರಿದ್ದಾರೆ.

ಅದಾದ ವಾರಕ್ಕೆ ನನಗೆ ಚಳಿಜ್ವರ. ಬಾಯ್ಲರಿನ ಮುಂದೆಯೇ ತೂಕಡಿಸಿದೆ. ಕಣ್ಣು ಬಿಟ್ಟರೆ ಆವಿ ಬುಸುಗುಡುತ್ತಿದೆ. ಚಿಕ್ಕಮಾದು ವಾಲ್ವು ತಿರುಗಿಸಿ, ಕೆಂಪು ಗೆರೆ ದಾಟಿದ್ದ ಮುಳ್ಳನ್ನು ಕೆಳಕ್ಕಿಳಿಸುತ್ತಿದ್ದಾನೆ.

"ಯಾವಾಗ ಕಲ್ತೆಲಾ ಇದ್ನ?"

"ನಾಕು ವರ್ಸಾಯ್ತು. ನೀವು ಅಡ್ಡ ನಿಂತ್ರೂ ಮುಳ್ಳು ನಿಮ್ಮ ಲೋಟದಲ್ಲಿ ಕಾಣ್ತಿತ್ತು. ಅಂಗೆ ತಿಕ್ಕಿಕ್ಕಿದ್ರಲ್ಲ ಮಾವ."

ಸಭಿಕರೇ, ಕಲಿಸಬಾರದೆಂದು ಹಠ ತೊಟ್ಟೂ ದಿನವೂ ಹುಣಿಸೆಹಣ್ಣು ಹಚ್ಚಿ ಪಾಠ ಹೇಳಿದ ಇಂಥ ಗುರುವನ್ನು ನೀವು ಕಂಡಿದ್ದೀರಾ?

ಯಜಮಾನರೇ, ಅಂದು ನಾನು ಹೇಳಿದ್ದು ಸುಳ್ಳು. ನಾಳೆ ಬೆಳಿಗ್ಗೆ ನೀವೇ ನಿಂತು ಅವನನ್ನು ಪರೀಕ್ಷಿಸಿ. ಗೆದ್ದರೆ ಮೈಸೂರಿಗೆ ಒಂದು ಕಾಗದ ಬರೆದರಾಯಿತು. ತಲೆ ಆಡಿಸಿದಿರಿ, ಸಭೆಯೆಲ್ಲ ನೋಡಿದೆ, ಇನ್ನು ಹಿಂದೆ ಸರಿಯುವಂತಿಲ್ಲ.

ಹಾರಕ್ಕೆ, ಉಪ್ಪಿಟ್ಟಿಗೆ, ಇಪ್ಪತ್ತು ವರ್ಷದ ಅನ್ನಕ್ಕೆ ಕೃತಜ್ಞನಾಗಿದ್ದೇನೆ. ನಮಸ್ಕಾರ.

ನೀವೆಲ್ಲ ಏಳುವ ಮುನ್ನ ಒಂದು ಸಣ್ಣ ಉಪಕಾರ. ಚಿಕ್ಕಮಾದು ಎಂದಿನಂತೆ ಕೊನೆಯ ಸಾಲಿನ ಆಚೆ, ಬಾಗಿಲ ಹತ್ತಿರ ನಿಂತಿದ್ದಾನೆ. ನನ್ನ ಮೊಣಕಾಲು ಅಲ್ಲಿಯವರೆಗೆ ಬಾರದು. ಈ ಲೋಟದ ತುಂಬ ನೀರಿದೆ. ನಿಂಗಯ್ಯನವರೇ, ಮೊದಲು ನೀವು ಹಿಡಿಯಿರಿ. ಕೈಯಿಂದ ಕೈಗೆ ದಾಟಿಸಿ ಅವನಿಗೆ ತಲುಪಿಸಿ. ತುಳುಕದ ಹಾಗೆ.